ಸಂಗೀತಕ್ಕೆ ಅಳತೆಗೋಲು ಹಿಡಿದ ಯಂತ್ರಗಳು

ನಾದವು ಹುಟ್ಟಿದ ಗಳಿಗೆಯಲ್ಲಿಯೇ ಅಳಿಯುವ ವಸ್ತು. ಚಿತ್ರವನ್ನು ಗೋಡೆಗೆ ತೂಗುಹಾಕಬಹುದು, ಶಿಲ್ಪವನ್ನು ಮಂಟಪದಲ್ಲಿ ನಿಲ್ಲಿಸಬಹುದು; ಹಾಡಿದ ಹಾಡನ್ನು ಹಿಡಿದಿಡುವ ಉಪಾಯ ಮಾತ್ರ ಸಾವಿರಾರು ವರ್ಷ ಮನುಷ್ಯನಿಗೆ ತಿಳಿದಿರಲಿಲ್ಲ. ಆದುದರಿಂದ ಕೇಳುವವರು ಹಾಡುವವರಿದ್ದಲ್ಲಿಗೆ, ಎಂದರೆ ದೇವಾಲಯಕ್ಕೋ ಅರಮನೆಗೋ ಮದುವೆಯ ಚಪ್ಪರಕ್ಕೋ, ಹೋಗಬೇಕಾಗಿತ್ತು. ೧೮೭೭ರಲ್ಲಿ ಅಮೆರಿಕದ ಥಾಮಸ್ ಆಲ್ವಾ ಎಡಿಸನ್ ತವರದ ತೆಳುಹಾಳೆ ಸುತ್ತಿದ ಉರುಳೆಯ ಮೇಲೆ ತನ್ನ ಮಾತನ್ನು ಗುರುತುಮಾಡಿ, ಅದನ್ನೇ ಮರಳಿ ಕೇಳಿಸಿದಾಗ ಈ ಕಟ್ಟು ಸಡಿಲಿತು.

ಅಂದಿನಿಂದ ಬಂದ ಯಂತ್ರಗಳು ಒಂದೊಂದೂ ಸಂಗೀತವನ್ನು ನಮಗೆ ಇನ್ನಷ್ಟು ಹತ್ತಿರ ತಂದಿವೆ. ಆದರೆ ತರುವಾಗ ಒಂದೊಂದೂ ತನ್ನದೇ ಆದ ಅಳತೆಯನ್ನೂ ಹೇರಿದೆ. ಎಷ್ಟು ಹೊತ್ತು ಕೇಳಬೇಕು, ಎಲ್ಲಿ ಕೇಳಬೇಕು, ಯಾರೊಡನೆ ಕೇಳಬೇಕು ಎಂಬುದನ್ನು ಕೇಳುಗನಿಗಿಂತ ಮೊದಲು ಯಂತ್ರವೇ ತೀರ್ಮಾನಿಸಿಬಿಡುತ್ತದೆ. ಆ ಅಳತೆಗಳು ಹೇಗೆ ಬದಲಾದುವು, ಈಗ ಉಳಿದಿರುವ ಅಳತೆ ಯಾವುದು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಮೂರು ನಿಮಿಷದ ರಾಗ

ಎಡಿಸನ್ನನ ಉರುಳೆಗಿಂತಲೂ ೧೮೮೭ರಲ್ಲಿ ಎಮಿಲ್ ಬರ್ಲಿನರ್ ರೂಪಿಸಿದ ಚಪ್ಪಟೆ ತಟ್ಟೆ ಹೆಚ್ಚು ಬಳಕೆಗೆ ಬಂದಿತು. ಒಂದೇ ಅಚ್ಚಿನಿಂದ ಸಾವಿರಾರು ಪ್ರತಿಗಳನ್ನು ಒತ್ತಬಹುದಾಗಿದ್ದುದೇ ಇದಕ್ಕೆ ಕಾರಣ. ನಿಮಿಷಕ್ಕೆ ಸುಮಾರು ೭೮ ಸುತ್ತು ತಿರುಗುತ್ತಿದ್ದ ೧೦ ಅಂಗುಲದ ಈ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ೩ ನಿಮಿಷಗಳಷ್ಟು ಹಾಡು ಮಾತ್ರ.

೧೯೦೨ರಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ತಜ್ಞನು ಧ್ವನಿಮುದ್ರಣದ ಸಲಕರಣೆಗಳೊಡನೆ ಕಲ್ಕತ್ತೆಗೆ ಬಂದು, ಖ್ಯಾತ ಗಾಯಕಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡನು. ಆಗ ಧ್ವನಿಮುದ್ರಣಕ್ಕೆ ಮೈಕ್ರೊಫೋನಿನ ಬಳಕೆ ಇರಲಿಲ್ಲ. ಹಾಡುವವರು ದೊಡ್ಡ ಕಹಳೆಯೊಂದರ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕು. ಆ ಧ್ವನಿಯ ಬಲದಿಂದಲೇ ಮುಳ್ಳು ನಡುಗಿ ಮೇಣದಲ್ಲಿ ಗೀರು ಮೂಡಬೇಕು. ಗಂಟೆಗಟ್ಟಲೆ ಬೆಳೆಸಬಹುದಾದ ರಾಗವನ್ನು ಗೌಹರ್ ಜಾನ್ ಅವರು ೩ ನಿಮಿಷಗಳಿಗೆ ಅಡಕಮಾಡಿ ಹಾಡಿ, ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಸಾರುತ್ತಿದ್ದರು. ತಟ್ಟೆಗಳನ್ನು ಒತ್ತುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಹಾಡಿದವರು ಯಾರೆಂಬುದು ಅಲ್ಲಿಯ ಕೆಲಸಗಾರರಿಗೆ ತಿಳಿಯಬೇಕಷ್ಟೆ! ಈ ಮಹಾ ಗಾಯಕಿ ೧೯೨೮ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, ೧೯೩೦ರಲ್ಲಿ ಆ ನಗರದಲ್ಲಿಯೇ ಕಾಲವಾದರು.

೧೯೨೫ರಲ್ಲಿ ಮೈಕ್ರೊಫೋನಿನ ಮೂಲಕ ಮುದ್ರಿಸಿದ ತಟ್ಟೆಗಳು ಬಂದ ಮೇಲೆ ಮೆಲುದನಿಯ ಹಾಡಿಗೂ ಎಡೆ ದೊರೆಯಿತು. ೧೯೪೮ರಲ್ಲಿ ಬಂದ ನಿಧಾನಗತಿಯ ತಟ್ಟೆ ಮಗ್ಗುಲೊಂದರಲ್ಲಿ ೨೦ ನಿಮಿಷಗಳಿಗೂ ಮೀರಿ ನುಡಿಯಿತು. ಆದರೂ ಚಿತ್ರಗೀತೆಗಳು ಹಲವು ದಶಕಗಳ ಕಾಲ ಆ ಮೂರು ನಿಮಿಷಗಳ ಆಸುಪಾಸಿನಲ್ಲಿಯೇ ನಿಂತುವು. ಹಳೆಯ ತಟ್ಟೆ ಮರೆಯಾದರೂ ಅದು ಹಾಕಿದ ಅಳತೆ ಮರೆಯಾಗಲಿಲ್ಲ.

ಗುಂಪಿನಿಂದ ಒಂಟಿತನಕ್ಕೆ

ಬಾನುಲಿಯು ಬೇರೊಂದು ಅಳತೆಯನ್ನು ತಂದಿತು. ೧೯೩೫ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ದೇಶಕ್ಕೆಲ್ಲ ಹರಡುವ ಮುನ್ನ ಬಳಕೆಯಾದುದು ಅಲ್ಲಿ. ಬಾನುಲಿಯಲ್ಲಿ ಹೊತ್ತನ್ನು ಗೊತ್ತುಮಾಡುವುದು ನಿಲಯ. ಕೇಳುಗರು ಆ ಹೊತ್ತಿಗೆ ಪೆಟ್ಟಿಗೆಯ ಮುಂದೆ ನೆರೆಯಬೇಕು. ಒಂದು ಪೆಟ್ಟಿಗೆಗೆ ಒಂದು ಮನೆಯೇ, ಕೆಲವೊಮ್ಮೆ ಒಂದು ಬೀದಿಯೇ ಕಿವಿಗೊಡುತ್ತಿತ್ತು.

೧೯೪೭ರ ಕೊನೆಯಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರು ಈ ಗುಂಪನ್ನು ಚದುರಿಸತೊಡಗಿತು. ಕಾದು ಕೆಂಪಾಗುವ ಗಾಜಿನ ಕವಾಟಗಳ ಕೆಲಸವನ್ನು ಅಲ್ಪ ವಿದ್ಯುತ್ತಿನಲ್ಲಿ ಮಾಡಬಲ್ಲ ಈ ಸಣ್ಣ ಹರಳಿನ ಸಾಧನದಿಂದ ೧೯೫೪ರಲ್ಲಿ ಜೇಬಿನ ಬಾನುಲಿ ಸಾಧ್ಯವಾಯಿತು. ೧೯೬೩ರಲ್ಲಿ ಕ್ಯಾಸೆಟ್ಟು ಬಂದಿತು. ೧೯೭೯ರಲ್ಲಿ ಜಪಾನಿನ ಸೋನಿ ಕಂಪನಿಯು 'ವಾಕ್‌ಮನ್' ಎಂಬ ಯಂತ್ರವನ್ನು ಹೊರತಂದಿತು. ಅದರ ಮೊದಲ ಮಾದರಿಯಲ್ಲಿ ಇಬ್ಬರು ಕೂಡಿ ಕೇಳಲೆಂದು ಹೆಡ್‌ಫೋನ್ ಸಿಕ್ಕಿಸುವ ರಂಧ್ರಗಳು ಎರಡಿದ್ದುವು. ಒಬ್ಬನೇ ಕಿವಿ ಮುಚ್ಚಿಕೊಂಡು ಸಂಗೀತ ಕೇಳುವುದು ಅಂದು ಅಷ್ಟು ವಿಚಿತ್ರವಾಗಿ ತೋರಿರಬೇಕು! ಬರಬರುತ್ತ ಎರಡನೆಯ ರಂಧ್ರ ಇಲ್ಲವಾಯಿತು.

ಕೇಳಿಸದುದನ್ನು ಕಳೆಯುವ ಗಣಿತ

ಮುಂದಿನ ಹೆಜ್ಜೆ ನಾದವನ್ನು ಅಂಕಿಗಳಾಗಿ ಮಾರ್ಪಡಿಸುವುದು. ಮನುಷ್ಯನ ಕಿವಿಗೆ ಸೆಕೆಂಡಿಗೆ ೨೦ರಿಂದ ಸುಮಾರು ೨೦,೦೦೦ದವರೆಗಿನ ಕಂಪನಗಳು ಕೇಳಿಸುತ್ತವೆ. ಒಂದು ತರಂಗವನ್ನು ಅಂಕಿಗಳಲ್ಲಿ ಸರಿಯಾಗಿ ಹಿಡಿಯಬೇಕಾದರೆ, ಅದರ ಕಂಪನಸಂಖ್ಯೆಯ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆಯಬೇಕು. ಆದುದರಿಂದ ೧೯೮೨ರಲ್ಲಿ ಬಂದ ಸಿ.ಡಿ. ತಟ್ಟೆಯಲ್ಲಿ ಪ್ರತಿ ಸೆಕೆಂಡಿಗೆ ೪೪,೧೦೦ ಅಳತೆಗಳಿವೆ. ಒಂದೊಂದು ಅಳತೆಗೂ ೧೬ ಬಿಟ್ಟುಗಳು. ಎಡ ಬಲ ಎರಡು ಕಿವಿಗಳಿಗೆ ಪ್ರತ್ಯೇಕ ಲೆಕ್ಕ. ಒಟ್ಟು ಸೆಕೆಂಡಿಗೆ ೧೪,೧೧,೨೦೦ ಬಿಟ್ಟುಗಳಾದುವು. ಇಷ್ಟನ್ನು ಆಗಿನ ದೂರವಾಣಿಯ ತಂತಿಗಳಲ್ಲಿ ಕಳುಹುವುದು ಅಸಾಧ್ಯವಾಗಿತ್ತು.

ಜರ್ಮನಿಯ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಮೊದಲಾದ ವಿಜ್ಞಾನಿಗಳು ಇದಕ್ಕೆ ಪರಿಹಾರವನ್ನು ಕಿವಿಯ ದೌರ್ಬಲ್ಯದಲ್ಲಿಯೇ ಕಂಡುಕೊಂಡರು. ನಾಗಸ್ವರ ಮೊಳಗುತ್ತಿರುವಾಗ ಪಕ್ಕದವರ ಪಿಸುಮಾತು ನಮಗೆ ಕೇಳಿಸದು. ಹಾಗೆಯೇ ಒಂದು ಬಲವಾದ ಸ್ವರವು ತನ್ನ ನೆರೆಯ ಕ್ಷೀಣ ಸ್ವರಗಳನ್ನು ಮರೆಮಾಡುತ್ತದೆ. ಹೇಗೂ ಕೇಳಿಸದ ಸ್ವರಕ್ಕೆ ಅಂಕಿಗಳನ್ನೇಕೆ ವೆಚ್ಚಮಾಡಬೇಕು? ಅಂತಹವನ್ನು ಕಳೆದು, ಉಳಿದುದನ್ನು ಮಿತವಾಗಿ ಬರೆದರೆ ಸೆಕೆಂಡಿಗೆ ೧,೨೮,೦೦೦ ಬಿಟ್ಟುಗಳಲ್ಲಿ ಹಾಡು ಬಹುಮಟ್ಟಿಗೆ ಮೊದಲಿನಂತೆಯೇ ಕೇಳಿಸುತ್ತದೆ. ಹೊರೆಯು ಹೆಚ್ಚುಕಡಮೆ ಹನ್ನೊಂದನೆಯ ಒಂದು ಭಾಗಕ್ಕೆ ಇಳಿಯುತ್ತದೆ. ೧೯೯೫ರಲ್ಲಿ ಎಂ.ಪಿ.೩ ಎಂಬ ಹೆಸರು ಪಡೆದ ವಿಧಾನ ಇದೇ. ಕಪಾಟು ತುಂಬುತ್ತಿದ್ದ ಸಂಗೀತ ಜೇಬಿಗೆ ಇಳಿಯಿತು. ಈಗ ಕೈಯಲ್ಲಿರುವ ಮೊಬೈಲಿಗೆ ಅಂತರ್ಜಾಲದಿಂದ ಕೋಟಿಗಟ್ಟಲೆ ಹಾಡುಗಳು ಹರಿದುಬರುತ್ತಿವೆ.

ಹಾಗಾದರೆ ಯಂತ್ರದ ಅಳತೆಯಿಂದ ಸಂಗೀತಕ್ಕೆ ಬಿಡುಗಡೆಯಾಯಿತೆ? ಪೂರ್ತಿಯಾಗಿ ಇಲ್ಲ. ಸ್ಪಾಟಿಫೈ ಎಂಬ ಹೆಸರಾಂತ ಸೇವೆಯಲ್ಲಿ ಹಾಡೊಂದನ್ನು ಕೇಳಿದುದು ಲೆಕ್ಕಕ್ಕೆ ಸೇರಬೇಕಾದರೆ ೩೦ ಸೆಕೆಂಡು ನುಡಿದಿರಬೇಕು. ಅಷ್ಟರೊಳಗೆ ಮನಸ್ಸನ್ನು ಸೆರೆಹಿಡಿಯದ ಹಾಡನ್ನು ಬೆರಳೊಂದು ಮುಂದಕ್ಕೆ ತಳ್ಳಿಬಿಡುತ್ತದೆ. ಷಡ್ಜದಿಂದ ಮೆಲ್ಲಮೆಲ್ಲನೆ ಏಳುವ ಆಲಾಪನೆಗೆ ಈ ಅಳತೆ ಹಿತವಾದುದಲ್ಲ. ಆದರೆ ತಟ್ಟೆಯ ಮೂರು ನಿಮಿಷಗಳಿಗೂ ಇದಕ್ಕೂ ಒಂದು ಭೇದವುಂಟು. ಅದನ್ನು ಮೇಣದ ಗೀರು ವಿಧಿಸಿತ್ತು. ಇದನ್ನು ಕೇಳುಗನ ತಾಳ್ಮೆಯೇ ಮೀರಬಲ್ಲುದು.

ಕಿವಿಯೇ ಕೊನೆಯ ಅಳತೆ

ಯಾವ ತಂತ್ರದಿಂದಲೂ ಮೀರಲಾಗದ ಮಿತಿ ಇನ್ನೊಂದಿದೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಗೊಂಡ ನಾಳವಿದೆ. ಅದರೊಳಗೆ ಸೂಕ್ಷ್ಮ ಕೂದಲುಗಳನ್ನು ಹೊತ್ತ ಸುಮಾರು ೧೫,೦೦೦ ಜೀವಕೋಶಗಳು ಕಂಪನವನ್ನು ನರಗಳ ಸಂದೇಶವಾಗಿ ಮಾರ್ಪಡಿಸುತ್ತವೆ. ಬಲವಾದ ಶಬ್ದ ಬಹುಕಾಲ ಬಡಿದರೆ ಇವು ನಶಿಸುತ್ತವೆ. ಹಕ್ಕಿಗಳಲ್ಲಿ ಇಂತಹ ಕೋಶಗಳು ಮತ್ತೆ ಹುಟ್ಟುತ್ತವೆ, ಮನುಷ್ಯನಲ್ಲಿ ಹುಟ್ಟುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ೮೦ ಡೆಸಿಬೆಲ್ ಶಬ್ದವನ್ನು ವಾರಕ್ಕೆ ೪೦ ಗಂಟೆ ಕೇಳಬಹುದು. ಶಬ್ದವು ೧೦ ಡೆಸಿಬೆಲ್ ಏರಿದರೆ ಅದರ ಶಕ್ತಿ ಹತ್ತರಷ್ಟಾಗುತ್ತದೆ. ಆದುದರಿಂದ ೯೦ ಡೆಸಿಬೆಲ್ಲಿಗೆ ವಾರಕ್ಕೆ ಸಲ್ಲುವುದು ಕೇವಲ ೪ ಗಂಟೆ. ಅಜಾಗರೂಕತೆಯಿಂದ ಆಲಿಸುವುದರಿಂದ ನೂರು ಕೋಟಿಗೂ ಮೀರಿದ ತರುಣ ತರುಣಿಯರ ಶ್ರವಣಶಕ್ತಿ ಅಪಾಯದಲ್ಲಿದೆಯೆಂದು ಅದೇ ಸಂಸ್ಥೆ ಎಚ್ಚರಿಸಿದೆ.

ಎಂ.ಪಿ.೩ಕ್ಕೆ ನೆರವಾದ ಕಿವಿಯ ಗುಣವೇ ಇಲ್ಲಿ ಕೇಡಿಗೆ ಎಳೆಯುತ್ತದೆ. ಬಸ್ಸಿನಲ್ಲಿ ಕುಳಿತಾಗ ಇಂಜಿನ್ನಿನ ಮೊರೆತವು ಹಾಡನ್ನು ಮರೆಮಾಡುತ್ತದೆ. ಹಾಡು ಕೇಳಿಸಲೆಂದು ನಾವು ಧ್ವನಿಯನ್ನು ಏರಿಸುತ್ತೇವೆ. ಮೊರೆತ ತಗ್ಗುವುದಿಲ್ಲ, ಕಿವಿಗೆ ಎರಡೂ ಹೊರೆಯಾಗುತ್ತವೆ. ಮೊಬೈಲಿನ ಧ್ವನಿಯನ್ನು ಅದರ ಗರಿಷ್ಠದ ನೂರಕ್ಕೆ ೬೦ ಪಾಲಿನೊಳಗೆ ಇರಿಸುವುದು, ನಡುನಡುವೆ ಕಿವಿಗೆ ಬಿಡುವು ಕೊಡುವುದು, ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಉಳಿದರೆ ವೈದ್ಯರನ್ನು ಕಾಣುವುದು, ಇವು ಎಲ್ಲರೂ ಪಾಲಿಸಬಹುದಾದ ನಿಯಮಗಳು.

ಗೌಹರ್ ಜಾನ್ ಅವರ ಕಾಲದಲ್ಲಿ ಹಾಡು ಎಲ್ಲಿ ನಿಲ್ಲಬೇಕೆಂಬುದನ್ನು ತಟ್ಟೆಯ ಅಂಚು ತೀರ್ಮಾನಿಸುತ್ತಿತ್ತು. ಇಂದು ತಟ್ಟೆಗೆ ಅಂಚಿಲ್ಲ, ಪ್ರಸಾರಕ್ಕೆ ವೇಳೆಯಿಲ್ಲ, ಸುತ್ತ ಕುಳಿತು 'ಸಾಕು, ಸಣ್ಣದು ಮಾಡು' ಎನ್ನುವ ಮನೆಮಂದಿಗೆ ನಮ್ಮ ಹಾಡು ಕೇಳಿಸುವುದೂ ಇಲ್ಲ. ಎಷ್ಟು ಹೊತ್ತು, ಎಷ್ಟು ಗಟ್ಟಿಯಾಗಿ, ಯಾರೊಡನೆ ಎಂಬ ತೀರ್ಮಾನ ಮೊದಲ ಬಾರಿಗೆ ಪೂರ್ಣವಾಗಿ ಕೇಳುಗನ ಕೈಗೆ ಬಂದಿದೆ. ಆ ತೀರ್ಮಾನವನ್ನು ವಿವೇಕದಿಂದ ಮಾಡುವ ತರುಣನು ಎಪ್ಪತ್ತನೆಯ ವಯಸ್ಸಿನಲ್ಲಿಯೂ ತಂಬೂರಿಯ ಮೆಲುನಾದವನ್ನು ಕೇಳಬಲ್ಲವನಾದಾನು.