ಸಕ್ಕರೆ ಕಾಯಿಲೆಯ ಜೊತೆ ಹೊಟ್ಟೆನೋವೂ ಇದ್ದರೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಚರ್ಚುಗಳಲ್ಲಿ ಆರೋಗ್ಯ ಶಿಬಿರ ಏರ್ಪಡಿಸಿದಾಗ ಸಕ್ಕರೆ ಪರೀಕ್ಷೆಯ ಮೇಜಿನ ಮುಂದೆಯೇ ಸಾಲು ಉದ್ದ. ಬೆರಳ ತುದಿಯ ಒಂದು ಹನಿ ರಕ್ತದಿಂದ ಸಕ್ಕರೆ ಎಷ್ಟಿದೆ ಎಂದು ತಿಳಿಯುತ್ತದೆ. ಏಕೆ ಏರಿದೆ ಎಂದು ತಿಳಿಯುವುದಿಲ್ಲ. ಈ ‘ಏಕೆ’ ಎಂಬುದನ್ನು ನಮ್ಮ ಸ್ವಯಂಸೇವಕರೂ ಸ್ವಲ್ಪ ಅರಿತಿರಬೇಕೆಂದು ನಾವು ಇದನ್ನು ಬರೆಯುತ್ತಿದ್ದೇವೆ.

ಜಠರದ ಹಿಂದೆ ಅಡ್ಡಲಾಗಿ ಮಲಗಿರುವ ಮೇದೋಜೀರಕ ಗ್ರಂಥಿಗೆ ಎರಡು ಕೆಲಸ. ಇನ್ಸುಲಿನ್ ಎಂಬ ಪ್ರೋಟೀನನ್ನು ರಕ್ತಕ್ಕೆ ಬಿಡುವುದು ಒಂದು. ಊಟ ಜೀರ್ಣಿಸುವ ರಸವನ್ನು ಕರುಳಿಗೆ ಕಳುಹಿಸುವುದು ಇನ್ನೊಂದು. ನಮ್ಮಲ್ಲಿ ಹೆಚ್ಚಿನವರಿಗಿರುವ ಟೈಪ್ 2 ಮಧುಮೇಹದಲ್ಲಿ ಮೊದಲನೆಯ ಕೆಲಸ ಕೆಡುತ್ತದೆ. ಇನ್ಸುಲಿನ್ ಜೊತೆಯಲ್ಲೇ ಹೊರಬರುವ ಅಮೈಲಿನ್ ಎಂಬ ಪ್ರೋಟೀನು, 1987ರಲ್ಲಿ ಗುರುತಿಸಲ್ಪಟ್ಟದ್ದು, ಇವರಲ್ಲಿ ಅನೇಕರ ಗ್ರಂಥಿಯೊಳಗೆ ಗಂಟುಕಟ್ಟಿ ನಿಂತಿರುತ್ತದೆ.

ಆದರೆ ಎರಡೂ ಕೆಲಸ ಒಟ್ಟಿಗೆ ಕೆಡುವ ಮಧುಮೇಹವೂ ಒಂದುಂಟು. ಜೀರ್ಣರಸದಲ್ಲಿರುವ ಟ್ರಿಪ್ಸಿನ್ ಮಾಂಸ, ಬೇಳೆಗಳ ಪ್ರೋಟೀನನ್ನು ಕತ್ತರಿಸುತ್ತದೆ. ಅದು ಕರುಳು ತಲುಪಿದ ಮೇಲಷ್ಟೇ ಎಚ್ಚರಗೊಳ್ಳಬೇಕು. ಗ್ರಂಥಿಯೊಳಗೇ ಎಚ್ಚರಗೊಂಡರೆ ಹುಟ್ಟಿದ ಮನೆಯನ್ನೇ ತಿನ್ನಲು ತೊಡಗುತ್ತದೆ. ಅದನ್ನು ತಡೆಯುವ ಕಾವಲುಗಾರ ಪ್ರೋಟೀನಿನ ಹೆಸರು ಸ್ಪಿಂಕ್ 1. ಎಳೆವಯಸ್ಸಿನಲ್ಲೇ ಹೊಟ್ಟೆನೋವು, ಗ್ರಂಥಿಯಲ್ಲಿ ಕಲ್ಲು, ಆಮೇಲೆ ಸಕ್ಕರೆ: ಇಂಥ ರೋಗಿಗಳನ್ನು ಕೇರಳದಲ್ಲಿ ಡಾ. ಪಿ. ಜೆ. ಗೀವರ್ಗೀಸ್ 1960ರ ದಶಕದಿಂದ ಬಹಳವಾಗಿ ಅಧ್ಯಯನ ಮಾಡಿದರು. ಆಗ ಮರಗೆಣಸಿನ ಮೇಲೆ ಸಂಶಯವಿತ್ತು, ಅದು ಸಾಬೀತಾಗಲಿಲ್ಲ. 2002ರಲ್ಲಿ ಹೈದರಾಬಾದಿನ ಸಿ.ಸಿ.ಎಂ.ಬಿ. ವಿಜ್ಞಾನಿಗಳು ಇಂಥ ಅನೇಕರಲ್ಲಿ ಸ್ಪಿಂಕ್ 1ರ ಜೀನ್ ಬದಲಾಗಿರುವುದನ್ನು ತೋರಿಸಿದರು. ಕೇರಳದಿಂದ ಬಂದು ಮಲೆನಾಡಿನಲ್ಲಿ ನೆಲೆಸಿದ ಕುಟುಂಬಗಳು ನಮ್ಮ ನಡುವೆ ಇರುವುದರಿಂದ ಈ ಮಾತು ನಮಗೆ ದೂರದ್ದಲ್ಲ. ಹಾಗೆಂದು ಜೀನ್ ಬದಲಾದವರಿಗೆಲ್ಲ ಕಾಯಿಲೆ ಬರುವುದಿಲ್ಲ. ಮದ್ಯ ಮತ್ತು ಬೀಡಿ-ಸಿಗರೇಟು ಮಾತ್ರ ಯಾರ ಗ್ರಂಥಿಯನ್ನಾದರೂ ಕೆಡಿಸಬಲ್ಲವು.

ಗುರುತಿಸುವುದು ಹೇಗೆ? ವ್ಯಕ್ತಿ ತೆಳ್ಳಗೆ, ವಯಸ್ಸು ಚಿಕ್ಕದು; ಮೇಲ್ಹೊಟ್ಟೆಯಿಂದ ಬೆನ್ನಿಗೆ ಹೊಡೆಯುವ ನೋವು; ಜಿಡ್ಡಾಗಿ ನೀರಿನ ಮೇಲೆ ತೇಲುವ ಮಲ; ಉಂಡರೂ ಇಳಿಯುವ ತೂಕ. ‘ಗ್ಯಾಸ್ಟ್ರಿಕ್’ ಎಂದು ವರ್ಷಗಟ್ಟಲೆ ಮಾತ್ರೆ ನುಂಗಿದವರೂ ಇದ್ದಾರೆ. ಇಂಥವರ ಸಕ್ಕರೆಯ ಅಂಕಿ ಬರೆದುಕೊಟ್ಟು ಮನೆಗೆ ಕಳುಹಿಸಬೇಡಿ. ತಾಲೂಕು ಆಸ್ಪತ್ರೆಗೆ, ಅಲ್ಲಿಂದ ಅಗತ್ಯವಿದ್ದರೆ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗಿ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಲು ಹೇಳಿ.

ಇವರಲ್ಲಿ ಹಲವರಿಗೆ ಇನ್ಸುಲಿನ್ ಬೇಕಾಗುತ್ತದೆ. ಇಳಿದ ಸಕ್ಕರೆಯನ್ನು ಮೇಲೆತ್ತುವ ಗ್ಲುಕಗಾನ್ ಕೂಡ ಇವರಲ್ಲಿ ಕಡಿಮೆಯಾಗಿರುವುದರಿಂದ, ಇನ್ಸುಲಿನ್ ಚುಚ್ಚಿಕೊಂಡು ಊಟ ಬಿಟ್ಟರೆ ಸಕ್ಕರೆ ತಟ್ಟನೆ ಕುಸಿದು ಪ್ರಜ್ಞೆ ತಪ್ಪಬಹುದು. ತೋಟದ ಕೆಲಸಕ್ಕೆ ಹೋಗುವವರು ಜೇಬಿನಲ್ಲಿ ಸ್ವಲ್ಪ ಸಕ್ಕರೆಯೋ ಗ್ಲೂಕೋಸೋ ಇಟ್ಟುಕೊಳ್ಳಲಿ. ಉಪವಾಸದ ದಿನಗಳಲ್ಲಿ ವೈದ್ಯರನ್ನು ಕೇಳದೆ ಊಟ ಬಿಡುವುದು ಬೇಡ. ಜೀರ್ಣಕ್ಕೆಂದು ಕೊಟ್ಟ ಕ್ಯಾಪ್ಸೂಲನ್ನು ಊಟದ ಜೊತೆಗೇ ನುಂಗಬೇಕು. ಉಂಡು ಗಂಟೆ ಕಳೆದ ಮೇಲೆ ನುಂಗಿದರೆ ಅಷ್ಟಾಗಿ ಪ್ರಯೋಜನವಿಲ್ಲ.