ಜಾವಾ ಸರ್ವರ್‌ಗೂ ಬೇಕು ನಾಡಿ ಪರೀಕ್ಷೆ

ಪರೀಕ್ಷಾ ಫಲಿತಾಂಶ ಪ್ರಕಟವಾಗುವ ದಿನ ಜಾಲತಾಣ ತೆರೆದುಕೊಳ್ಳದೆ ಸತಾಯಿಸುವುದು ಹಲವರ ಅನುಭವ. ಹೊರಗೆ ಕಾದು ಕುಳಿತವರಿಗೆ ಅದು ದಿಢೀರ್ ಕುಸಿತ. ಆದರೆ ಬಹಳಷ್ಟು ಸಂದರ್ಭಗಳಲ್ಲಿ ಸರ್ವರ್ ಬೀಳುವ ಮುನ್ನವೇ ರೋಗಲಕ್ಷಣ ತೋರಿಸಿರುತ್ತದೆ. ಅದನ್ನು ಗಮನಿಸುವ ವ್ಯವಸ್ಥೆ ಇರುವುದಿಲ್ಲ, ಅಷ್ಟೆ. ಗ್ರಾಫ್‌ಗಳ ಮೂಲಕ ಸರ್ವರ್‌ನ ಕಾರ್ಯಕ್ಷಮತೆಯ ಮೇಲೆ ನಿಗಾ ಇಡುವ ಅಗತ್ಯ ಇರುವುದು ಇಲ್ಲಿಯೇ.

ಜಾವಾ ಆಧಾರಿತ ಟಾಮ್‌ಕ್ಯಾಟ್ ಸರ್ವರ್ ಅನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬಳಕೆಯಾದ ಮೆಮೊರಿ ಎಷ್ಟು, ಕೆಲಸದಲ್ಲಿ ತೊಡಗಿರುವ ಥ್ರೆಡ್‌ಗಳು ಎಷ್ಟು ಎಂಬಿತ್ಯಾದಿ ಲೆಕ್ಕವನ್ನು ಅದು 'ಜೆಎಂಎಕ್ಸ್' ಎಂಬ ವ್ಯವಸ್ಥೆಯ ಮೂಲಕ ಒದಗಿಸುತ್ತದೆ. 2004ರಲ್ಲಿ ಬಿಡುಗಡೆಯಾದ ಜಾವಾ 5ನೇ ಆವೃತ್ತಿಯಿಂದ ಈ ವ್ಯವಸ್ಥೆ ಜಾವಾದಲ್ಲೇ ಅಡಕವಾಗಿದೆ. ಜೊತೆಗೆ ಬರುವ 'ಜೆಕನ್ಸೋಲ್' ತಂತ್ರಾಂಶ ಈ ಅಂಕಿಗಳನ್ನು ಗ್ರಾಫ್ ರೂಪದಲ್ಲಿ ತೋರಿಸುತ್ತದೆ. ಆದರೆ ಅದು ತೆರೆದಿರುವಷ್ಟು ಹೊತ್ತು ಮಾತ್ರ ನೋಟ. ನಿನ್ನೆ ರಾತ್ರಿ ನಡೆದದ್ದನ್ನು ತಿಳಿಯಲು ಅಂಕಿಗಳನ್ನು ಸಂಗ್ರಹಿಸಿಡಬೇಕು.

ಅಳವಡಿಕೆ ಹೇಗೆ?

ಇದಕ್ಕೆ ಮೂರು ಮುಕ್ತ ತಂತ್ರಾಂಶಗಳು ಸಾಕು. ಮೊದಲನೆಯದು 'ಜೆಎಂಎಕ್ಸ್ ಎಕ್ಸ್‌ಪೋರ್ಟರ್'. ಇದರ ಜಾರ್ ಕಡತವನ್ನು ಸರ್ವರ್‌ನಲ್ಲಿಟ್ಟು, ಟಾಮ್‌ಕ್ಯಾಟ್ ಆರಂಭವಾಗುವ ಆಯ್ಕೆಗಳಲ್ಲಿ ಅದನ್ನು 'ಜಾವಾ ಏಜೆಂಟ್' ಎಂದು ಸೂಚಿಸಿ, ಖಾಲಿ ಇರುವ ಪೋರ್ಟ್ ಒಂದನ್ನು ನೀಡಬೇಕು. ಟಾಮ್‌ಕ್ಯಾಟ್‌ಗೆಂದೇ ರೂಪಿಸಿದ ಮಾದರಿ ಸಂರಚನಾ ಕಡತವೂ ಲಭ್ಯ. ಎರಡನೆಯದು 'ಪ್ರೊಮಿಥಿಯಸ್'. ಸರ್ವರ್‌ನ ವಿಳಾಸ ಕೊಟ್ಟರೆ ಅದು ನಿಗದಿತ ಅವಧಿಗೊಮ್ಮೆ, ಉದಾಹರಣೆಗೆ 15 ಸೆಕೆಂಡಿಗೊಮ್ಮೆ, ಅಂಕಿಗಳನ್ನು ತಂದು ದಾಖಲಿಸುತ್ತದೆ. ಮೂರನೆಯದಾದ 'ಗ್ರಫಾನಾ' ಈ ದಾಖಲೆಯನ್ನು ಬ್ರೌಸರ್‌ನಲ್ಲಿ ಗ್ರಾಫ್ ಆಗಿ ಬಿಡಿಸುತ್ತದೆ. ಪ್ರೊಮಿಥಿಯಸ್ ತಾನಾಗಿ ಉಳಿಸಿಕೊಳ್ಳುವುದು 15 ದಿನಗಳ ದಾಖಲೆಯನ್ನು ಮಾತ್ರ. ಹಿಂದಿನ ತಿಂಗಳೊಂದಿಗೆ ಹೋಲಿಸಬೇಕೆಂದರೆ ಈ ಅವಧಿಯನ್ನು ಮೊದಲೇ ಹೆಚ್ಚಿಸಿಕೊಳ್ಳಬೇಕು.

ಎಚ್ಚರಿಕೆಯ ಮಾತೊಂದಿದೆ. ದೂರದಿಂದ ಜೆಎಂಎಕ್ಸ್ ಸಂಪರ್ಕಿಸಲು ಪಾಸ್‌ವರ್ಡ್ ಇಲ್ಲದ ಪೋರ್ಟ್ ತೆರೆದಿಟ್ಟರೆ ದುಷ್ಕರ್ಮಿಗಳು ಸರ್ವರ್‌ನೊಳಗೆ ತಮ್ಮದೇ ಪ್ರೋಗ್ರಾಂ ಓಡಿಸಬಹುದು. ಏಜೆಂಟ್ ವಿಧಾನದಲ್ಲಿ ಅಂತಹ ಪೋರ್ಟ್ ಬೇಕಿಲ್ಲ. ಏಜೆಂಟ್‌ನ ಪೋರ್ಟ್ ಕೂಡ ಸಂಸ್ಥೆಯ ಒಳಜಾಲಕ್ಕೆ ಸೀಮಿತವಾಗಿರಬೇಕು.

ಓದುವುದು ಹೇಗೆ?

ಆರೋಗ್ಯವಂತ ಸರ್ವರ್‌ನ ಹೀಪ್ ಮೆಮೊರಿಯ ರೇಖೆ ಗರಗಸದ ಹಲ್ಲಿನಂತಿರುತ್ತದೆ. ಮೆಮೊರಿ ತುಂಬುತ್ತಾ ಏರುತ್ತದೆ, ಜಾವಾ ಅನಗತ್ಯ ವಸ್ತುಗಳನ್ನು ತೆರವುಗೊಳಿಸಿದೊಡನೆ ಇಳಿಯುತ್ತದೆ. ಶಿಖರ ಕಂಡು ಗಾಬರಿಯಾಗಬೇಕಿಲ್ಲ, ನೋಡಬೇಕಾದದ್ದು ತಳವನ್ನು. ಪೂರ್ಣ ಪ್ರಮಾಣದ ತೆರವಿನ ನಂತರವೂ ತಳ ದಿನದಿಂದ ದಿನಕ್ಕೆ ಮೇಲೇರುತ್ತಿದ್ದರೆ ಮೆಮೊರಿ ಸೋರಿಕೆಯ ಶಂಕೆ ಬಲವಾಗುತ್ತದೆ.

ಇನ್ನೊಂದು ಮುಖ್ಯ ರೇಖೆ ಥ್ರೆಡ್‌ಗಳದ್ದು. ಬದಲಾಯಿಸದ ಹೊರತು ಟಾಮ್‌ಕ್ಯಾಟ್‌ನಲ್ಲಿ ಇವುಗಳ ಮಿತಿ 200. ಕಾರ್ಯನಿರತ ಥ್ರೆಡ್‌ಗಳು ಈ ಮಿತಿಗೆ ತಾಗಿ ಅಲ್ಲೇ ನಿಂತರೆ ಹೊಸ ಕೋರಿಕೆಗಳು ಸರದಿಯಲ್ಲಿ ಕಾಯಬೇಕಾಗುತ್ತದೆ. ಆಗ ಮಿತಿಯನ್ನು ಹೆಚ್ಚಿಸುವುದೊಂದೇ ಪರಿಹಾರವಲ್ಲ. ಪ್ರೊಸೆಸರ್ ಬಿಡುವಾಗಿದ್ದೂ ಥ್ರೆಡ್‌ಗಳು ಮುಗಿದಿದ್ದರೆ, ಅವು ಡೇಟಾಬೇಸ್‌ನ ಉತ್ತರಕ್ಕಾಗಿ ಕಾಯುತ್ತಿರುವ ಸಾಧ್ಯತೆ ಹೆಚ್ಚು. ಎರಡು ರೇಖೆಗಳನ್ನು ಒಂದೇ ಪರದೆಯಲ್ಲಿಟ್ಟು ನೋಡುವುದರ ಪ್ರಯೋಜನ ಇದೇ.

ಸಾಮಾನ್ಯ ದಿನದ ಗ್ರಾಫ್ ಹೇಗಿರುತ್ತದೆಂದು ಗೊತ್ತಿದ್ದರೆ ಮಾತ್ರ ಅಸಹಜ ದಿನ ಎದ್ದು ಕಾಣುತ್ತದೆ. ಆದ್ದರಿಂದ ಸರ್ವರ್ ಕುಸಿದ ದಿನ ಈ ವ್ಯವಸ್ಥೆ ಅಳವಡಿಸಲು ಹೊರಟರೆ ಹೋಲಿಸಲು ಏನೂ ಇರುವುದಿಲ್ಲ. ಗ್ರಾಫ್ ಸರ್ವರ್ ಅನ್ನು ದುರಸ್ತಿ ಮಾಡದು. ದುರಸ್ತಿಗೆ ಬೇಕಾದ ಕಾಲಾವಕಾಶವನ್ನು ಮಾತ್ರ ಕೊಡುತ್ತದೆ. ಫಲಿತಾಂಶಕ್ಕಾಗಿ ಕಾಯುತ್ತಿರುವ ವಿದ್ಯಾರ್ಥಿಯ ಪಾಲಿಗೆ ಅದೇನೂ ಸಣ್ಣ ಸಂಗತಿಯಲ್ಲ.