ಮಂದಪ್ರಭೆಯ ಗೆಲಕ್ಸಿಗಳು

ಅಮಾವಾಸ್ಯೆಯ ಇರುಳಿನಲ್ಲಿಯೂ ಆಕಾಶವು ಪೂರ್ತಿ ಕಪ್ಪಲ್ಲ. ನಮ್ಮ ವಾಯುಮಂಡಲವೇ ಮಸುಕಾಗಿ ಬೆಳಗುತ್ತಿರುತ್ತದೆ. ಆ ಬೆಳಕಿಗಿಂತಲೂ ಮಂದವಾದ ಗೆಲಕ್ಸಿಗಳಿದ್ದರೆ ನಾವು ಅವನ್ನು ಕಾಣುವುದೆಂತು? ನಾವು ಎಣಿಸಿರುವವು ಸುಲಭವಾಗಿ ಕಣ್ಣಿಗೆ ಬೀಳುವಂಥವು ಮಾತ್ರವಿರಬಹುದೆಂದು 1976ರಲ್ಲಿ ಖಗೋಳವಿಜ್ಞಾನಿ ಮೈಕ್ ಡಿಸ್ನಿ ಎಚ್ಚರಿಸಿದರು. 1986ರಲ್ಲಿ ಅದಕ್ಕೆ ಸಾಕ್ಷಿ ದೊರೆಯಿತು. ಛಾಯಾಫಲಕಗಳಲ್ಲಿ ಹುದುಗಿದ ಅತಿಮಸುಕಾದ ಗುರುತುಗಳನ್ನು ಎದ್ದು ತೋರಿಸುವ ಉಪಾಯವನ್ನು ಆಸ್ಟ್ರೇಲಿಯದಲ್ಲಿ ಡೇವಿಡ್ ಮಾಲಿನ್ ರೂಪಿಸಿದ್ದರು. ಅದರಿಂದ ಬೆಳಕಿಗೆ ಬಂದ ‘ಮಾಲಿನ್-1’ ಎಂಬ ಗೆಲಕ್ಸಿಯ ಬಿಲ್ಲೆಯ ಅಡ್ಡಳತೆ ಸುಮಾರು 6,50,000 ಜ್ಯೋತಿರ್ವರ್ಷ! ನಮ್ಮ ಆಕಾಶಗಂಗೆಯದು ಸುಮಾರು 1,00,000.

ಇಷ್ಟು ದೊಡ್ಡದು ಇಷ್ಟು ಮಂಕಾದುದೇಕೆ? ಅನಿಲದ ಕೊರತೆಯಿಂದಲ್ಲ, ಸಾವಿರಾರು ಕೋಟಿ ಸೂರ್ಯರ ತೂಕದಷ್ಟು ಜಲಜನಕ ಅಲ್ಲಿದೆ. ಆದರೆ ಒಂದು ಸೇರು ಬಿತ್ತನೆಯನ್ನು ಹತ್ತು ಹೊಲಗಳಿಗೆ ಎರಚಿದಂತೆ ಅದು ತೆಳುವಾಗಿ ಹರಡಿದೆ. ಗೆಲಕ್ಸಿ ಹುಟ್ಟುವಾಗ ಅನಿಲರಾಶಿಯು ಕೇಂದ್ರದತ್ತ ಕುಸಿಯುತ್ತದೆ. ಅದರ ಭ್ರಮಣವು ಹೆಚ್ಚಾಗಿದ್ದಲ್ಲಿ ಕುಸಿತವು ಬೇಗ ನಿಂತು ಅಗಲವಾದ ಬಿಲ್ಲೆಯಾಗುತ್ತದೆ ಎಂಬುದು ಒಂದು ಪ್ರಬಲ ವಿವರಣೆ. ವಿರಳವಾದ ಅನಿಲವು ಸ್ವಂತ ಗುರುತ್ವದಿಂದ ಮುದ್ದೆಗಟ್ಟುವುದು ಕಷ್ಟ. ನಕ್ಷತ್ರಗಳು ಅಲ್ಲೊಂದು ಇಲ್ಲೊಂದು ಹುಟ್ಟುತ್ತವೆ. ನಕ್ಷತ್ರಗಳ ಒಡಲಿನಲ್ಲಿ ಸಿದ್ಧವಾಗುವ ಆಮ್ಲಜನಕವೇ ಮೊದಲಾದ ಮೂಲವಸ್ತುಗಳೂ ಅದರಿಂದಲೇ ಇಂತಹ ಗೆಲಕ್ಸಿಗಳಲ್ಲಿ ಸಾಮಾನ್ಯವಾಗಿ ಕಡಮೆ. ಇವು ಆರಿಹೋಗುತ್ತಿರುವ ಮುದಿ ಗೆಲಕ್ಸಿಗಳೆಂದು ತಿಳಿಯಬಾರದು. ಹಲವು ಮಂದ ಬಿಲ್ಲೆಗಳ ಬಣ್ಣ ನೀಲಿ. ಅಲ್ಲಿ ಎಳೆಯ ನಕ್ಷತ್ರಗಳು ಈಗಲೂ ಮೂಡುತ್ತಿವೆ, ಬಹು ನಿಧಾನವಾಗಿ.